ಹಿನ್ನೀರಿನ ಅಂಚಿನಲ್ಲಿ ಮೀನಿನ ಲೆಕ್ಕ ಹಿಡಿಯುವ ಬಗೆ

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಿಂತು ಮೀನಿನ ಸುದ್ದಿ ಕೇಳಿದರೆ ಒಬ್ಬರು "ಈ ಸಲ ಏನೂ ಇಲ್ರಿ" ಅನ್ನುತ್ತಾರೆ, ಪಕ್ಕದವರು "ಹ್ವಾದ ವರ್ಷಕ್ಕಿಂತ ಚೊಲೊ ಐತಿ" ಅನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ. ಒಬ್ಬರು ಬಲೆ ಬಿಟ್ಟದ್ದು ಕಲ್ಲು ಹಾಸಿನ ಮೇಲೆ, ಇನ್ನೊಬ್ಬರು ಹಳ್ಳ ಬಂದು ಕೂಡುವಲ್ಲಿ; ಬಲೆಯ ಕಣ್ಣು ಬೇರೆ, ಹೊತ್ತು ಬೇರೆ. ಈ ಎರಡು ಮಾತನ್ನು ಒಂದೇ ತಕ್ಕಡಿಗೆ ಹಾಕಬೇಕಾದರೆ ಬಲೆಗೆ ಎಷ್ಟು ಮೀನು ಬಿತ್ತು ಎಂಬುದರ ಜೊತೆಗೆ ಆ ಬಲೆ ಎಷ್ಟು ನೀರನ್ನು ಜಾಲಾಡಿತು ಎಂಬುದೂ ಗೊತ್ತಿರಬೇಕು. ಸಮೀಕ್ಷೆಗೂ ಮೀನುಗಾರಿಕೆಗೂ ಇರುವ ವ್ಯತ್ಯಾಸ ಇಷ್ಟೇ. ಪ್ರಾಣಿಶಾಸ್ತ್ರ ಓದುವ ವಿದ್ಯಾರ್ಥಿಗಳು, ಮೀನುಗಾರರ ಸಹಕಾರ ಸಂಘದವರು, ಹಕ್ಕಿ ನೋಡಲು ಬಂದು ಹಕ್ಕಿಗಳು ತಿನ್ನುವ ಮೀನಿನ ಬಗ್ಗೆ ಕುತೂಹಲ ಹುಟ್ಟಿದವರು, ಯಾರಾದರೂ ಮಾಡಬಹುದಾದ ರೀತಿಯಲ್ಲಿ ಇದನ್ನು ಬರೆದಿದ್ದೇನೆ. ಹಿಡಕಲ್ ಅಥವಾ ನವಿಲುತೀರ್ಥದ ಜಲಾಶಯದ ಅಂಚಿಗೂ ಇದೇ ವಿಧಾನ ನಡೆಯುತ್ತದೆ.

ಕಡಲ ವಿಧಾನ, ನಮ್ಮ ನೀರು

ಅಳಿವೆಗಳಲ್ಲಿ, ಅಂದರೆ ಕಾಳಿ, ಅಘನಾಶಿನಿಯಂಥ ನದಿಗಳು ಕಡಲು ಸೇರುವ ಕಡೆ, ಆಳವಿಲ್ಲದ ನೀರಿನ ಮೀನು ಎಣಿಸಲು ದೋಣಿಯ ಹಿಂದೆ ಸಣ್ಣ ಟ್ರಾಲ್ ಬಲೆ ಕಟ್ಟಿ ಎಳೆಯುತ್ತಾರೆ. ಲೆಕ್ಕ ಸರಳ. ಬಲೆಯ ಮೇಲಂಚಿನ ಹಗ್ಗ 10 ಮೀಟರ್ ಇದ್ದರೆ ಎಳೆಯುವಾಗ ಅದು ಪೂರ್ತಿ ಅಗಲವಾಗಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಅರ್ಧದಷ್ಟು, ಅಂದರೆ 5 ಮೀಟರ್ ಬಾಯಿ ಎಂದು ಹಿಡಿಯುತ್ತಾರೆ. ಎರಡು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 3.7 ಕಿಲೊಮೀಟರಿನಂತೆ, 10 ನಿಮಿಷ ಎಳೆದರೆ ಸುಮಾರು 617 ಮೀಟರ್ ದೂರ. ಎರಡನ್ನೂ ಗುಣಿಸಿದರೆ ಬಲೆ ಗುಡಿಸಿದ ನೆಲ ಸುಮಾರು 3,000 ಚದರ ಮೀಟರ್. ಸಿಕ್ಕ ಮೀನನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ.

ನಮ್ಮ ಹಿನ್ನೀರಿನಲ್ಲಿ ಟ್ರಾಲ್ ಎಳೆಯುವ ಆಸೆ ಬೇಡ. ಈ ನೀರಿನ ಅಡಿಯಲ್ಲಿರುವುದು ಮುಳುಗಿದ ಹೊಲ: ಬದು, ಜಾಲಿಯ ಬೊಡ್ಡೆ, ಹಳೆಯ ಗೋಡೆ, ಪಂಪ್‌ಸೆಟ್ಟಿನ ಪೈಪು. ಮೇಲೆ ಮೀನುಗಾರರ ಗಿಲ್‌ನೆಟ್‌ಗಳು (ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿಡುವ ಬಲೆಗಳು) ಬೇರೆ. ಬಲೆಯೂ ಹರಿಯುತ್ತದೆ, ಜಗಳವೂ ಆಗುತ್ತದೆ. ಟ್ರಾಲ್‌ನ ಲೆಕ್ಕವನ್ನಷ್ಟೇ ತೆಗೆದುಕೊಂಡು, ದಂಡೆಗೆ ಕೈಯಿಂದ ಎಳೆಯುವ ಎಳೆಬಲೆಗೆ ಅದನ್ನು ಹೊಂದಿಸುವುದು ಜಾಣತನ. ಒಂದೂವರೆ ಮೀಟರ್ ಆಳದವರೆಗಿನ ನೀರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ಆಳದ ನೀರಿನ ಮೀನಿನ ಬಗ್ಗೆ ಈ ವಿಧಾನ ಏನನ್ನೂ ಹೇಳುವುದಿಲ್ಲ ಎಂಬುದನ್ನು ವರದಿಯಲ್ಲಿ ಮೊದಲೇ ಬರೆದುಬಿಡಿ.

ಅಳಿವೆಯಲ್ಲಿ ಸಮೀಕ್ಷೆ ಮಾಡುವವರು ಉಬ್ಬರವೋ ಇಳಿತವೋ ಎಂದು ಬರೆಯದೆ ಬಲೆ ಬಿಡುವುದಿಲ್ಲ. ನಮ್ಮಲ್ಲಿ ಆ ಜಾಗ ಅಣೆಕಟ್ಟೆಯ ನೀರಿನ ಮಟ್ಟದ್ದು. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದ ಮೇಲೆ ನೀರು ಏರುತ್ತದೆ, ಬೇಸಿಗೆಯ ಹೊತ್ತಿಗೆ ಇಳಿದು ಎರೆನೆಲ ತೆರೆದುಕೊಳ್ಳುತ್ತದೆ. ನೆಲದ ಇಳಿಜಾರು 200 ಮೀಟರಿಗೆ ಒಂದು ಮೀಟರ್ ಇದೆ ಎಂದುಕೊಳ್ಳಿ. ಮಟ್ಟ ಒಂದು ಮೀಟರ್ ಇಳಿದರೆ ದಂಡೆ 200 ಮೀಟರ್ ಒಳಗೆ ಸರಿಯಿತು. ನವೆಂಬರಿನಲ್ಲಿ ಬಲೆ ಎಳೆದ ಜಾಗದಲ್ಲಿ ಮಾರ್ಚ್‌ನಲ್ಲಿ ಕುರಿ ಮೇಯುತ್ತಿರಬಹುದು. ಹಾಗಾಗಿ ಆ ದಿನದ ಜಲಾಶಯದ ಮಟ್ಟ ನಿಮ್ಮ ಪುಸ್ತಕದ ಮೊದಲ ಸಾಲಾಗಿರಲಿ. ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಹುಡುಕುವ ಕಷ್ಟವಿಲ್ಲ. ಮಟ್ಟ ದಿನದಿನಕ್ಕೆ ಓಡುವ ಜುಲೈ, ಆಗಸ್ಟ್‌ನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಆಗ ಅವನ್ನು ಬಿಟ್ಟುಬಿಡುವುದು ಮರ್ಯಾದೆ. ನನ್ನ ಕೇಳಿದರೆ ಅಕ್ಟೋಬರ್–ನವೆಂಬರಿನಲ್ಲಿ ಒಮ್ಮೆ, ಫೆಬ್ರವರಿ–ಮಾರ್ಚ್‌ನಲ್ಲಿ ಒಮ್ಮೆ ಮಾಡಿದರೆ ಸಾಕು. ಮೊದಲನೆಯದರಲ್ಲಿ ಆ ವರ್ಷದ ಮರಿಗಳು ಸಿಗುತ್ತವೆ, ಎರಡನೆಯದರಲ್ಲಿ ಅವುಗಳಲ್ಲಿ ಎಷ್ಟು ಬೆಳೆದವು ಎಂದು ಕಾಣುತ್ತದೆ.

ನೀರಿಗಿಳಿಯುವ ಮುಂಚೆ

ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಯಾವ ಬಲೆ, ಎಷ್ಟು ದಿನ, ಹಿಡಿದ ಮೀನನ್ನು ಏನು ಮಾಡುತ್ತೀರಿ ಎಂಬುದು ಅದರಲ್ಲಿರಲಿ. ಧುಪದಾಳದ ಹತ್ತಿರದ ಘಟಪ್ರಭಾ ಪಕ್ಷಿಧಾಮದಂಥ ಜಾಗವಾದರೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಕಾಗದದ ಕೆಲಸ ಇಷ್ಟು.

ಅದಕ್ಕಿಂತ ದೊಡ್ಡ ಕೆಲಸ ದಂಡೆಯ ಮೀನುಗಾರರ ಜೊತೆ ಕೂತು ಮಾತಾಡುವುದು. ಆ ನೀರಿನಲ್ಲಿ ಹುಟ್ಟಿ ಬೆಳೆದ ಇಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಪುಕ್ಕಟೆ ಸಹಾಯ ಕೇಳಬೇಡಿ, ನೀವು ಹಿಡಿದಿಟ್ಟುಕೊಳ್ಳುವುದು ಅವರ ದುಡಿಮೆಯ ಹೊತ್ತು. ಇದು ಬರೀ ಸೌಜನ್ಯದ ಮಾತಲ್ಲ, ಜೀವದ ಮಾತು. ಮುಳುಗಿದ ಹೊಲಗಳಲ್ಲಿ ತೆರೆದ ಬಾವಿಗಳಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಬಾವಿಯೊಳಗಿರಬಹುದು. "ಅಲ್ಲೆ ಬ್ಯಾಡ್ರಿ ಸರ, ಹಳೇ ಬಾಂವಿ ಐತಿ, ಈ ಕಡೆ ಬರ್‍ರಿ" ಎಂದು ಹೇಳುವವರು ಪಕ್ಕದಲ್ಲಿದ್ದರೆ ನಕ್ಷೆಗಿಂತ ಮೇಲು. ಅವರಿದ್ದರೂ ಕೈಯಲ್ಲಿ ಬಿದಿರಿನ ಕೋಲು ಹಿಡಿದು ತಡವುತ್ತಲೇ ನಡೆಯಿರಿ, ಲೈಫ್ ಜಾಕೆಟ್ ಮೈಮೇಲಿರಲಿ. ಎರೆಮಣ್ಣಿನ ಕೆಸರಿನಲ್ಲಿ ಕಾಲು ಹೂತರೆ ಎಳೆದಾಡಬೇಡಿ, ಹಿಂದಕ್ಕೆ ವಾಲಿ ಒಂದೊಂದೇ ಕಾಲು ಬಿಡಿಸಿಕೊಳ್ಳಿ. ಕೃಷ್ಣಾ ತೀರದ ಊರುಗಳಿಗೆ ಮೊಸಳೆ ಹೊಸತಲ್ಲ; ಆ ವಾರ ಎಲ್ಲಿ ಕಂಡಿತ್ತು ಎಂದು ಕೇಳಿಯೇ ಜಾಗ ಗುರುತು ಮಾಡಿ.

ಜಾಗ ಆರಿಸುವುದು

ಮೀನು ಸಿಗುವ ಜಾಗಕ್ಕೇ ಹೋಗೋಣ ಎನ್ನಿಸುವುದು ಸಹಜ. ಹಾಗೆ ಮಾಡಿದರೆ ನಿಮಗೆ ಗೊತ್ತಾಗುವುದು ಒಳ್ಳೆಯ ಜಾಗದಲ್ಲಿ ಒಳ್ಳೆಯ ಮೀನಿದೆ ಎಂಬುದು ಮಾತ್ರ, ಅದು ಮೊದಲೇ ಊರಿಗೆಲ್ಲ ಗೊತ್ತು. ಅಂಚಿನ ನೀರನ್ನು ಮೊದಲು ಬಗೆಬಗೆಯಾಗಿ ವಿಂಗಡಿಸಿ: ಬರೀ ಎರೆಮಣ್ಣಿನ ಅಂಚು, ಕಲ್ಲಿನ ಅಂಚು, ಜೊಂಡು ಮತ್ತು ಕಳೆ ಬೆಳೆದ ಜಾಗ, ಹಳ್ಳ ಬಂದು ಸೇರುವ ಮೂಲೆ. ಉಪಗ್ರಹ ನಕ್ಷೆಯ ಮೇಲೆ ಪ್ರತಿ ಬಗೆಯ ದಂಡೆಯನ್ನು ನೂರು ನೂರು ಮೀಟರ್ ತುಂಡುಗಳಾಗಿ ಕತ್ತರಿಸಿ ಸಂಖ್ಯೆ ಹಾಕಿ, ಚೀಟಿ ಎತ್ತಿ. ಚೀಟಿಯಲ್ಲಿ ಬಂದದ್ದೇ ಜಾಗ. ಬೊಡ್ಡೆ ಇರುವುದರಿಂದ ಅಲ್ಲಿ ಬಲೆ ಎಳೆಯಲಾಗದಿದ್ದರೆ ಮುಂದಿನ ಚೀಟಿ ತೆಗೆಯಿರಿ, ಆದರೆ ಬಿಟ್ಟ ಜಾಗ ಯಾವುದು, ಯಾಕೆ ಬಿಟ್ಟಿರಿ ಎಂದು ಬರೆದಿಡಿ. ಬೊಡ್ಡೆಯ ನೆರಳಿನಲ್ಲಿ ಅಡಗುವ ಮೀನು ನಿಮ್ಮ ಲೆಕ್ಕದಿಂದ ತಪ್ಪಿಸಿಕೊಂಡಿದೆ ಎಂಬುದು ಓದುವವರಿಗೆ ತಿಳಿಯಬೇಕು. ಪ್ರತಿ ಬಗೆಗೆ ಕಡಿಮೆಯೆಂದರೆ ಐದು ಎಳೆತ. ಅದೂ ಸಾಲದು ಎಂದು ಮುಂದೆ ಲೆಕ್ಕವೇ ಹೇಳುತ್ತದೆ.

ಬಲೆ

ಉದ್ದ 30 ಮೀಟರ್, ಎತ್ತರ 2 ಮೀಟರ್, ನಡುವೆ ಚೀಲ ಇರುವ ಎಳೆಬಲೆ ಸಾಕು. ಕಣ್ಣಿನ ಅಳತೆಯಲ್ಲಿ ಅಂಗಡಿಯವರ ಜೊತೆ ಗೊಂದಲ ಆಗುತ್ತದೆ. ಕೆಲವರು ಗಂಟಿನಿಂದ ಪಕ್ಕದ ಗಂಟಿಗೆ ಅಳೆಯುತ್ತಾರೆ, ಕೆಲವರು ಕಣ್ಣನ್ನು ಉದ್ದಕ್ಕೆ ಎಳೆದು ಹಿಡಿದು ಎದುರು ಗಂಟುಗಳ ನಡುವೆ ಅಳೆಯುತ್ತಾರೆ. ಎರಡನೆಯದು ಮೊದಲನೆಯದರ ಎರಡರಷ್ಟು. ಎಳೆದು ಹಿಡಿದಾಗ 10 ಮಿಲಿಮೀಟರ್ ಇರಬೇಕು ಎಂದು ಬಿಡಿಸಿ ಹೇಳಿ, ಅಂಗಡಿಯಲ್ಲೇ ಅಳೆದು ನೋಡಿ. ಇದರಲ್ಲಿ ಬೆರಳುದ್ದದ ಮರಿಯೂ ನಿಲ್ಲುತ್ತದೆ. ಕೆಳ ಹಗ್ಗದಲ್ಲಿ ಸೀಸದ ಗುಂಡು ಒತ್ತೊತ್ತಾಗಿ ಇರಲಿ. ಒಮ್ಮೆ ಒಂದು ಬಲೆ ಹಿಡಿದ ಮೇಲೆ ಸಮೀಕ್ಷೆ ಮುಗಿಯುವ ತನಕ ಅದೇ ಬಲೆ. ನಡುವೆ ಕಣ್ಣು ಬದಲಾದರೆ ಹಿಂದಿನ ಲೆಕ್ಕ ಕಸಕ್ಕೆ ಹೋದಂತೆ.

ಉಳಿದ ಸಾಮಾನು ಸಣ್ಣಪುಟ್ಟವು: ಅಳತೆ ಪಟ್ಟಿ ಹೊಡೆದ ಹಲಗೆ, ಸ್ಪ್ರಿಂಗ್ ತಕ್ಕಡಿ, ನಾಲ್ಕು ಬಕೆಟ್, ಅಕ್ವೇರಿಯಂಗೆ ಹಾಕುವ ಬ್ಯಾಟರಿಯ ಗಾಳಿ ಪಂಪು, ಥರ್ಮಾಮೀಟರ್, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆ ಹಾಳೆಯಲ್ಲಿ ಹರಡುತ್ತದೆ. ನೀರಿನ ತಿಳಿ ಅಳೆಯಲು 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಗೆ ನಾಲ್ಕು ಭಾಗವಾಗಿ ಕಪ್ಪು ಬಿಳಿ ಬಣ್ಣ ಬಳಿದು ಹಗ್ಗ ಕಟ್ಟಿ ಇಳಿಸಿ; ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳಿ. ಇದು ಅಲಂಕಾರಕ್ಕಲ್ಲ. ತಿಳಿನೀರಿನಲ್ಲಿ ಮೀನು ಬಲೆ ಕಂಡು ಓಡುತ್ತದೆ, ರಾಡಿಯಲ್ಲಿ ಸಿಕ್ಕಿಬೀಳುತ್ತದೆ. ಎರಡು ಋತುವಿನ ಲೆಕ್ಕ ಹೋಲಿಸುವಾಗ ಈ ಅಂಕಿ ಇಲ್ಲದಿದ್ದರೆ ಮೀನು ಹೆಚ್ಚಿತೋ ರಾಡಿ ಹೆಚ್ಚಿತೋ ತಿಳಿಯುವುದಿಲ್ಲ.

ಎಳೆತ

ಬೆಳಿಗ್ಗೆ, ಗಾಳಿ ಏಳುವ ಮುಂಚೆ. ಎಲ್ಲ ದಿನವೂ ಅದೇ ಹೊತ್ತಿಗೆ.

ದಂಡೆಯ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ತೆಪ್ಪದಲ್ಲಿ ಬಲೆ ಹೇರಿಕೊಂಡು ದಂಡೆಯಿಂದ 25 ಮೀಟರ್ ಒಳಗೆ ಹೋಗಿ, ದಂಡೆಗೆ ಸಮಾನಾಂತರವಾಗಿ ಸದ್ದಿಲ್ಲದೆ ಬಿಡಿ. ಎರಡು ತುದಿಯ ಹಗ್ಗ ದಂಡೆಯಲ್ಲಿ ನಿಂತ ಎರಡು ತಂಡದ ಕೈಗೆ ಬರುತ್ತದೆ. ಹಗ್ಗಕ್ಕೆ ಐದೈದು ಮೀಟರಿಗೆ ಬಣ್ಣದ ಚಿಂದಿ ಕಟ್ಟಿದ್ದರೆ ಎರಡೂ ಕಡೆಯವರು ಸಮನಾಗಿ ಎಳೆಯುತ್ತಿದ್ದಾರೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಪ್ರತಿ ತಂಡ ತನ್ನ ಕೆಂಪು ಬಟ್ಟೆಯ ಬಳಿಯೇ ನಿಂತು ನೇರವಾಗಿ ಎಳೆಯಬೇಕು. ಒಬ್ಬರ ಕಡೆಗೆ ಇನ್ನೊಬ್ಬರು ಸರಿದರೆ ಬಲೆಯ ಬಾಯಿ ಕಿರಿದಾಗಿ ಗುಡಿಸಿದ ಜಾಗದ ಲೆಕ್ಕ ಸುಳ್ಳಾಗುತ್ತದೆ. 20 ಮೀಟರ್ ಅಗಲ, 25 ಮೀಟರ್ ದೂರ: 500 ಚದರ ಮೀಟರ್. ಪ್ರತಿ ಎಳೆತವೂ ಇಷ್ಟೇ ಇರಲಿ.

ಎಳೆಯುವ ವೇಗಕ್ಕಿಂತ ಸೀಸದ ಹಗ್ಗದ ಮೇಲೆ ಗಮನ ಇರಬೇಕು. ಅದು ನೆಲಬಿಟ್ಟು ಒಂದು ಗೇಣು ಎದ್ದರೂ ಮೃಗಾಲ್, ಗೋಬಿಯಂಥ ತಳದ ಮೀನು ಕೆಳಗಿನಿಂದ ನುಸುಳಿ ಹೋಗುತ್ತವೆ. ಸೀಸದ ಹಗ್ಗ ಬೆಂಡು ಕಟ್ಟಿದ ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮುಂದೆ ಬರುವ ಹಾಗೆ, ನಿಲ್ಲಿಸದೆ, ಜಗ್ಗದೆ ಎಳೆಯಿರಿ. ಕೊನೆಯ ಮೂರು ನಾಲ್ಕು ಮೀಟರ್ ಬಂದಾಗ ಕುಕ್ಕರಗಾಲಲ್ಲಿ ಕೂತು ಸೀಸದ ಹಗ್ಗವನ್ನು ನೆಲಕ್ಕೆ ಒತ್ತಿಕೊಂಡೇ ತರಬೇಕು. ರೋಹು, ಕಾಟ್ಲಾ ಬೆಂಡಿನ ಮೇಲೆ ಹಾರುವುದು ಇದೇ ಹೊತ್ತಿಗೆ. ಒಬ್ಬರು ಹಿಂದೆ ನಿಂತು ಬೆಂಡಿನ ಹಗ್ಗವನ್ನು ಎತ್ತಿ ಹಿಡಿಯಲಿ. ಹಾರಿ ಹೋದದ್ದನ್ನು ಎಣಿಸಿ ಪಕ್ಕದಲ್ಲಿ ಬರೆಯಿರಿ, ಸಿಕ್ಕಿದ್ದರ ಜೊತೆ ಸೇರಿಸಬೇಡಿ.

ಬಲೆ ಕಲ್ಲಿಗೆ ಸಿಕ್ಕಿ ನಿಂತರೆ ಆ ಎಳೆತ ರದ್ದು. ಹತ್ತಿರದ ಇನ್ನೊಂದು ಜಾಗದಲ್ಲಿ ಹೊಸದಾಗಿ ಎಳೆಯಿರಿ. ಕದಡಿದ ಜಾಗದಲ್ಲೇ ಮತ್ತೆ ಎಳೆದರೆ ಮೀನು ಆಗಲೇ ಓಡಿರುತ್ತದೆ. ಆದರೆ ಎಲ್ಲ ಸರಿಯಾಗಿ ನಡೆದು ಬಲೆ ಬರಿದಾಗಿ ಬಂದರೆ ಅದು ರದ್ದಲ್ಲ. ಸೊನ್ನೆ ಎಂದು ಬರೆಯಿರಿ. ಸಮೀಕ್ಷೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬರಿ ಬಲೆ ಬಂದಾಗ "ಇದೇನು ಬರಿಯೂದ್ ಬಿಡ್ರಿ" ಎಂದು ಯಾರೋ ಅನ್ನುತ್ತಾರೆ, ಪೆನ್ಸಿಲ್ ಕಿವಿಗೆ ಹೋಗುತ್ತದೆ, ತಿಂಗಳ ಕೊನೆಗೆ ಹಿನ್ನೀರಿನ ತುಂಬ ಮೀನೋ ಮೀನು.

ಬಲೆಯಿಂದ ಬಕೆಟಿಗೆ

ಸಿಕ್ಕ ಮೀನನ್ನು ಕೂಡಲೇ ನೆರಳಿನಲ್ಲಿಟ್ಟ ನೀರಿನ ಬಕೆಟಿಗೆ ಹಾಕಿ, ಗಾಳಿ ಪಂಪು ಹಚ್ಚಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈಗೆ ಮೀನಿನ ಮೈಯ ಲೋಳೆ ಅಂಟಿಕೊಂಡು ಬರುತ್ತದೆ, ಆಮೇಲೆ ಅದಕ್ಕೆ ಬೂಜು ಹಿಡಿಯುತ್ತದೆ. ಬೇಗ ಸಾಯುವ ಬೆಳ್ಳಿ ಬಣ್ಣದ ಸಣ್ಣ ಮೀನುಗಳನ್ನು ಮೊದಲು ಅಳೆದು ಬಿಡಿ. ಕೊರವ, ಚೇಳುಮೀನಿನಂಥವು ಗಾಳಿಯಲ್ಲೂ ಉಸಿರಾಡುತ್ತವೆ, ಕಾಯಬಲ್ಲವು. ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿ, ಬಾವು ಏರಿದರೆ ಆಸ್ಪತ್ರೆಗೆ ಹೋಗಿ. ಬಾಳೆಮೀನಿನ ಬಾಯಿಗೆ ಬೆರಳು ಕೊಡಬೇಡಿ.

ಉದ್ದವನ್ನು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಿರಿ, ಸೀಳುಬಾಲದ ಮೀನಾದರೆ ಬಾಲ ಕೂಡಿಸಿ ಹಿಡಿದು. ಯಾವ ರೀತಿ ಅಳೆದರೂ ನಡೆದೀತು, ಕೊನೆಯ ತನಕ ಒಂದೇ ರೀತಿ ಇರಬೇಕು. ಹೆಸರಿನ ಜಾಗದಲ್ಲಿ ಮೀನುಗಾರರು ಕರೆಯುವ ಹೆಸರನ್ನೂ ಬರೆದು, ಹಲಗೆಯ ಮೇಲಿಟ್ಟು ಪಕ್ಕದಿಂದ ಫೋಟೊ ತೆಗೆದುಕೊಳ್ಳಿ. ಪಂಟಿಯಸ್, ಮಿಸ್ಟಸ್ ಗುಂಪಿನ ಮೀನುಗಳನ್ನು ದಂಡೆಯಲ್ಲಿ ನಿಂತು ಜಾತಿ ಹೇಳುವುದು ಪಳಗಿದವರಿಗೂ ಕಷ್ಟ. ಫೋಟೊ ಇದ್ದರೆ ಕಾಲೇಜಿನಲ್ಲಿ ನಿಧಾನಕ್ಕೆ ನೋಡಬಹುದು.

ಒಂದೇ ಎಳೆತಕ್ಕೆ ಸಾವಿರಾರು ಮರಿ ಬಂದರೆ ಎಲ್ಲ ಅಳೆಯಲು ಕೂತರೆ ಎಲ್ಲವೂ ಸಾಯುತ್ತವೆ. ದೊಡ್ಡ ಮೀನು ಮತ್ತು ಅಪರೂಪದ ಮೀನನ್ನು ಬೇರೆ ತೆಗೆದು ಪೂರ್ತಿ ಎಣಿಸಿ. ಉಳಿದ ರಾಶಿಯನ್ನು ನೀರು ಬಸಿದು ತೂಗಿ, ಅದರಿಂದ ಒಂದು ಹಿಡಿ ಬೇರೆ ತೂಗಿ ಎಣಿಸಿ. ರಾಶಿ 3 ಕಿಲೊ, ಹಿಡಿ 150 ಗ್ರಾಂ, ಅದರಲ್ಲಿ 90 ಮರಿ ಇದ್ದರೆ ರಾಶಿಯಲ್ಲಿ 1,800. ಹಿಡಿ ತೆಗೆಯುವ ಮುಂಚೆ ರಾಶಿಯನ್ನು ಚೆನ್ನಾಗಿ ಕಲಸಿ, ಸಣ್ಣವು ತಳಕ್ಕೆ ಇಳಿದಿರುತ್ತವೆ.

ಎಲ್ಲ ಮೀನನ್ನೂ ಹಿಡಿದ ಜಾಗದಲ್ಲೇ ಬಿಡಿ. ಹೊರದೇಶದಿಂದ ಬಂದ ಮೀಸೆಮೀನು ಆಫ್ರಿಕನ್ ಮಾಗೂರ್ ಸಿಕ್ಕರೆ ಮಾತ್ರ ಬಿಡಬೇಡಿ, ಇಲಾಖೆಗೆ ತಿಳಿಸಿ. ಅದರ ಸಾಕಣೆ ದೇಶದಲ್ಲಿ ನಿಷಿದ್ಧ. ತಿಲಾಪಿಯಾ ಕೂಡ ಹೊರಗಿನದೇ, 1952ರಲ್ಲಿ ಭಾರತಕ್ಕೆ ತಂದದ್ದು. ಆದರೆ ಈಗ ಎಲ್ಲೆಡೆ ಬೇರೂರಿದೆ, ಎಷ್ಟಿದೆ ಎಂದು ಬೇರೆಯಾಗಿ ಬರೆದಿಡುವುದೇ ಉಪಯೋಗ.

ಲೆಕ್ಕ

ಉದಾಹರಣೆಗೆ ಎರೆಮಣ್ಣಿನ ಅಂಚಿನಲ್ಲಿ ಐದು ಎಳೆತಕ್ಕೆ 12, 0, 7, 31, 5 ಮೀನು ಬಂದವು ಎನ್ನಿ. ಒಟ್ಟು 55, ಗುಡಿಸಿದ ಜಾಗ 2,500 ಚದರ ಮೀಟರ್. ನೂರು ಚದರ ಮೀಟರಿಗೆ 2.2 ಮೀನು. ಆ ಬಗೆಯ ಅಂಚು ಒಟ್ಟು 40 ಹೆಕ್ಟೇರ್ ಇದ್ದರೆ 8,800 ಮೀನು. ಬಹಳ ವರದಿಗಳು ಇಲ್ಲಿಗೆ ನಿಂತುಬಿಡುತ್ತವೆ.

ಎರಡು ಪ್ರಶ್ನೆ ಬಾಕಿ ಇವೆ. ಒಂದು, ಬಲೆ ಎದುರಿಗಿದ್ದ ಎಲ್ಲ ಮೀನನ್ನೂ ಹಿಡಿಯಿತೇ? ಇಲ್ಲ. ಎಷ್ಟು ಪಾಲು ಹಿಡಿಯಿತು ಎಂದು ತಿಳಿಯಲು ಒಂದೆರಡು ಜಾಗದಲ್ಲಿ ಸುತ್ತ ಸಣ್ಣ ಕಣ್ಣಿನ ಬಲೆಯ ಗೋಡೆ ನಿಲ್ಲಿಸಿ, ಒಳಗೆ ಎರಡು ಸಲ ಎಳೆಯಿರಿ. ಮೊದಲ ಸಲ ಸಿಕ್ಕ ಮೀನನ್ನು ಹೊರಗೇ ಇಟ್ಟುಕೊಂಡಿರಿ. ಮೊದಲು 60, ಆಮೇಲೆ 24 ಬಂದರೆ, 60ರ ವರ್ಗವನ್ನು ಎರಡರ ವ್ಯತ್ಯಾಸವಾದ 36ರಿಂದ ಭಾಗಿಸಿ: ಒಳಗೆ ಇದ್ದದ್ದು 100. ಅಂದರೆ ಒಂದು ಎಳೆತ ಹಿಡಿಯುವುದು ಇದ್ದದ್ದರಲ್ಲಿ ನೂರಕ್ಕೆ 60. ಈ ಪಾಲನ್ನು ಮೇಲಿನ ಲೆಕ್ಕಕ್ಕೆ ಹಾಕಿದರೆ 2.2 ಹೋಗಿ ಸುಮಾರು 3.7 ಆಗುತ್ತದೆ, 8,800 ಹೋಗಿ 14,700ರ ಹತ್ತಿರ ಬರುತ್ತದೆ. ಎರಡನೇ ಎಳೆತಕ್ಕೆ ಮೊದಲಿನಷ್ಟೇ ಅಥವಾ ಹೆಚ್ಚು ಬಂದರೆ ಗೋಡೆಯಲ್ಲಿ ಎಲ್ಲೋ ಸಂದು ಇದೆ, ಇಲ್ಲವೇ ಮೊದಲ ಸಲ ಸೀಸದ ಹಗ್ಗ ಎದ್ದಿತ್ತು. ಆ ಲೆಕ್ಕ ಬಳಸಬೇಡಿ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಸೊನ್ನೆಯಿಂದ 31ರವರೆಗೆ ಹರಡಿರುವ ಐದು ಅಂಕಿಗಳ ಸರಾಸರಿಯನ್ನು ಎಷ್ಟು ನಂಬಬಹುದು? ಎಳೆತಕ್ಕೆ ಸರಾಸರಿ 11 ಮೀನು. ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ, ಸುಮಾರು 12, ಅದನ್ನು 5ರ ವರ್ಗಮೂಲದಿಂದ ಭಾಗಿಸಿದರೆ 5.4. ಐದೇ ಎಳೆತ ಇರುವಾಗ ನೂರಕ್ಕೆ 95ರ ಭರವಸೆಗೆ ಇದನ್ನು 2.78ರಿಂದ ಗುಣಿಸಬೇಕು: 15. 11ರಿಂದ ಇಷ್ಟು ಕೆಳಗೂ ಮೇಲೂ ಹೋದರೆ, ಮೀನು ಸೊನ್ನೆಗಿಂತ ಕಡಿಮೆ ಇರಲಾರದ್ದರಿಂದ, ನಿಜವಾದ ಸರಾಸರಿ ಸೊನ್ನೆಯಿಂದ 26ರ ನಡುವೆ ಎಲ್ಲಾದರೂ ಇರಬಹುದು. ಇಷ್ಟು ಅಗಲದ ಉತ್ತರದಿಂದ ಮುಂದಿನ ವರ್ಷ ಮೀನು ಅರ್ಧವಾದರೂ ನಿಮಗೆ ಗೊತ್ತಾಗುವುದಿಲ್ಲ. ಪರಿಹಾರ 31ನ್ನು ಅಳಿಸುವುದಲ್ಲ, ಎಳೆತ ಹೆಚ್ಚಿಸುವುದು. ಮೀನು ಹಿಂಡಾಗಿ ತಿರುಗುವ ಪ್ರಾಣಿ, ಅಂಕಿ ಹೀಗೇ ಹಾರಾಡುತ್ತದೆ. ಒಂದೇ ಜಾಗದಲ್ಲಿ ದೊಡ್ಡ ಎಳೆತ ಮಾಡುವುದಕ್ಕಿಂತ ಬೇರೆ ಬೇರೆ ಜಾಗದಲ್ಲಿ ಸಣ್ಣ ಎಳೆತ ಹೆಚ್ಚು ಮಾಡಿದರೆ ಅದೇ ಕೂಲಿಗೆ ಉತ್ತರ ಬಿಗಿಯಾಗುತ್ತದೆ.

ಉದ್ದದ ಅಳತೆಗಳನ್ನು ಎರಡೆರಡು ಸೆಂಟಿಮೀಟರ್ ಗುಂಪು ಮಾಡಿ ಕಂಬದ ಚಿತ್ರ ಬರೆಯಿರಿ. ನವೆಂಬರಿನಲ್ಲಿ ಸಣ್ಣ ಗುಂಪಿನ ಕಂಬವೇ ಇಲ್ಲದಿದ್ದರೆ ಆ ವರ್ಷದ ಮರಿಗಳು ಅಂಚಿಗೆ ಬಂದಿಲ್ಲ. ಸಂಘದವರು ಮರಿ ಬಿತ್ತನೆ ಮಾಡಿದ್ದರೆ ಎಲ್ಲಿ, ಯಾವಾಗ, ಎಷ್ಟು ಉದ್ದದ ಮರಿ ಬಿಟ್ಟರು ಎಂದು ಕೇಳಿ ಪಕ್ಕದಲ್ಲಿಟ್ಟು ನೋಡಿ. ಮೈ ತುಂಬಿದೆಯೋ ಸೊರಗಿದೆಯೋ ನೋಡಲು ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 20 ಸೆಂಟಿಮೀಟರ್, 100 ಗ್ರಾಂ ಮೀನಿಗೆ 1.25. ಈ ಅಂಕಿಯನ್ನು ಅದೇ ಜಾತಿಯ ಮೀನಿನ ಜೊತೆ ಮಾತ್ರ ಹೋಲಿಸಬೇಕು. ಚಪ್ಪಟೆ ತಿಲಾಪಿಯಾಕ್ಕೂ ಉದ್ದನೆಯ ಬಾಳೆಮೀನಿಗೂ ತಾಳೆ ಹಾಕಬಾರದು.

ವರದಿಯ ಒಂದು ಪ್ರತಿ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಸಹಕಾರ ಸಂಘಕ್ಕೆ ಕೊಡಿ. ಅವರು ಕೇಳುವುದು ಒಂದೇ: "ಒಟ್ಟ ಎಷ್ಟ ಐತ್ರಿ?" ಒಂದೇ ಅಂಕಿ ಹೇಳಿಬಿಡುವ ಆಸೆ ಆಗುತ್ತದೆ. ಇಷ್ಟರಿಂದ ಇಷ್ಟರ ನಡುವೆ ಎಂದು ಹೇಳಿ, ಯಾವ ಆಳದವರೆಗೆ, ಜಲಾಶಯದ ಮಟ್ಟ ಎಷ್ಟಿದ್ದಾಗ, ಎಷ್ಟು ಎಳೆತದಿಂದ ಎಂಬುದನ್ನೂ ಅದೇ ಉಸಿರಿಗೆ ಹೇಳಿ. ಅದೇ ಮಟ್ಟಕ್ಕೆ ನೀರು ಬಂದಾಗ ಮುಂದಿನ ವರ್ಷ ಅದೇ ಬಲೆ ತೆಗೆದುಕೊಂಡು ಬನ್ನಿ.